ಎಲೆಬಣ್ಣದ ಅರ್ಜಿ

ಚಳಿ ಹಿಂದೆ ಸರಿಯುತ್ತಿತ್ತು. ಬಿಸಿಲು ಹಲ್ಲು ಮೂಡದ ಕೂಸಿನ ಹಾಗೆ ಇನ್ನೂ ಮೆತ್ತಗೆ ಕಚ್ಚುತ್ತಿತ್ತು. ಊರ ಸುತ್ತಲ ತೋಟಗಳಲ್ಲಿ ಗಿಡಗಳ ಮೈಯೊಳಗೆ ರಸ ಏರುವ ಕಾಲ ಅದು. ಕಸಿ ಕಟ್ಟುವವರಿಗೆ ಅದೇ ಸುಗ್ಗಿ. ನಿಂಬೆಯಾಗಲಿ, ಅಂಜೂರವಾಗಲಿ, ಗುಲಾಬಿಯಾಗಲಿ, ಯಾವುದರ ಕಡ್ಡಿಯನ್ನು ಯಾವುದರ ಕಾಂಡಕ್ಕೆ ಕೂಡಿಸಬೇಕೋ ಈ ಕೆಲವು ವಾರಗಳಲ್ಲೇ ಕೂಡಿಸಬೇಕು. ತಡವಾದರೆ ಗಾಯ ಉಳಿಯುತ್ತದೆ, ಗಿಡ ಉಳಿಯುವುದಿಲ್ಲ.

ಶಾಲೆಗಳಿಗೂ ಅದು ಪರೀಕ್ಷೆಯ ಕಾಲ. ಹಾಗಾಗಿ ಧಾನ್ಯದ ಗೋದಾಮಿನ ಎದುರಿಗಿದ್ದ ಪ್ರಿಂಟಿಂಗ್ ಅಂಗಡಿಯಲ್ಲಿ ಬೆಳಗಿನಿಂದ ಉಸಿರಾಡಲು ಪುರುಸೊತ್ತಿರಲಿಲ್ಲ. ಪ್ರಿಂಟರು ಪ್ರಶ್ನೆಪತ್ರಿಕೆಗಳನ್ನು ಒಂದರ ಹಿಂದೆ ಒಂದು ಉಗುಳುತ್ತಿತ್ತು. ಅಂಗಡಿಯವಳು ಅವನ್ನು ಮೇಜಿಗೆ ತಟ್ಟಿ ಸಮ ಮಾಡಿ, ಮೂಲೆಗೆ ಪಿನ್ ಹೊಡೆದು, ತರಗತಿಗೊಂದು ಕಟ್ಟು ಮಾಡಿ ಗೋಡೆಯ ಬುಡಕ್ಕೆ ಒಟ್ಟುತ್ತಿದ್ದಳು.

ಊರು ಅವಳನ್ನು ಟೈಪಕ್ಕ ಎನ್ನುತ್ತಿತ್ತು. ಅಪ್ಪ ಟೈಪ್ ಮಷೀನು ಇಟ್ಟುಕೊಂಡಿದ್ದ ಕಾಲದಲ್ಲಿ, ಕುರ್ಚಿಯ ಮೇಲೆ ಎರಡು ದಿಂಬು ಹಾಕಿಕೊಂಡು ಕೂತು ಟಕಟಕ ಬಡಿಯುತ್ತಿದ್ದ ಹುಡುಗಿಗೆ ಬಿದ್ದ ಹೆಸರು ಅದು. ಈಗ ಮಷೀನು ಅಟ್ಟ ಸೇರಿತ್ತು, ಅಪ್ಪ ಇರಲಿಲ್ಲ, ಅವಳಿಗೆ ಮೂವತ್ತು ದಾಟಿ ಒಂದಷ್ಟು ವರ್ಷವಾಗಿತ್ತು. ಹೆಸರು ಮಾತ್ರ ಹಾಗೇ ಉಳಿದಿತ್ತು. ಹಲ್ಲಿಲ್ಲದ ಮುದುಕರು ಕೂಡ ಬಾಗಿಲಲ್ಲಿ ನಿಂತು ಅಕ್ಕಾ ಎಂದು ಕೂಗುತ್ತಿದ್ದರು.

ಅಪ್ಪ ಬಿಟ್ಟುಹೋದದ್ದು ಅಂಗಡಿ ಒಂದೇ ಅಲ್ಲ, ಒಂದು ಕಟ್ಟಳೆ ಕೂಡ. ಬೇರೆಯವರ ಕಾಗದ ಓದಬಾರದು. ಊರಿನ ಜಗಳ, ಪಾಲು, ಬೇಡಿಕೆ, ಗೋಳು ಎಲ್ಲವೂ ನಮ್ಮ ಮೇಜಿನ ಮೇಲೇ ಹಾದುಹೋಗುತ್ತವೆ, ನಾವು ಓದತೊಡಗಿದರೆ ನಾಳೆಯಿಂದ ಯಾರಿಗೂ ಮುಖ ಕೊಟ್ಟು ಮಾತಾಡಲಾಗುವುದಿಲ್ಲ ಎನ್ನುತ್ತಿದ್ದ. ಅದಕ್ಕೆ ಅವನು ಕಂಡುಕೊಂಡ ಉಪಾಯವನ್ನೇ ಅವಳೂ ರೂಢಿಸಿಕೊಂಡಿದ್ದಳು. ಪ್ರಿಂಟರಿನಿಂದ ಹೊರಬಂದ ಹಾಳೆಯನ್ನು ತಲೆಕೆಳಗು ಮಾಡಿ ಹಿಡಿದು ನೋಡುವುದು. ಹಾಗೆ ಹಿಡಿದರೆ ಮಸಿ ಎಲ್ಲಿ ತೆಳುವಾಗಿದೆ, ಅಂಚು ಎಲ್ಲಿ ಓರೆಯಾಗಿದೆ ಎಂಬುದು ಕಾಣುತ್ತದೆ. ಅಕ್ಷರಗಳು ಬರೀ ಇರುವೆ ಸಾಲು.

ಬಾಗಿಲ ಬಳಿಯ ಬೆಂಚಿನ ಮೇಲೆ ಅತ್ತೆ ಕೂತಿದ್ದಳು. ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದವಳು, ಅಣ್ಣ ಹೋದ ಮೇಲೆ ಅಣ್ಣನ ಮಗಳನ್ನು ಕಾಯುತ್ತಿದ್ದಳು. ಕಣ್ಣು ಮಂಜು, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಮೊರದಲ್ಲಿ ಹಸಿ ಬಟಾಣಿ ಸುಲಿಯುತ್ತಾ, ಸುಲಿದ ಎರಡರಲ್ಲಿ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಾ, ಬೀದಿಯಲ್ಲಿ ಹೋಗುವವರ ಹೆಜ್ಜೆ ಸದ್ದಿನ ಮೇಲೆ ಇಂಥವರೆಂದು ಹೇಳುತ್ತಿದ್ದಳು.

ಊಟದ ಹೊತ್ತು ಕಳೆದ ಮೇಲೆ ಅವಳು ಸುಲಿಯುವುದನ್ನು ನಿಲ್ಲಿಸಿ, "ಬಂದ ನೋಡು, ನಿನ್ನನ್ನ ಅಕ್ಕ ಅನ್ನದವನು," ಎಂದಳು.

ಕಸಿಯವನು ಬಾಗಿಲಲ್ಲಿ ಚಪ್ಪಲಿಯ ಮಣ್ಣು ಕೊಡವುತ್ತಿದ್ದ.

ಹಿಂದಿನ ವರ್ಷ ಇದೇ ಕಾಲದಲ್ಲಿ ಅವನು ಮೊದಲು ಬಂದದ್ದು, ಸಸಿಗಳಿಗೆ ಕಟ್ಟುವ ಹೆಸರಿನ ಚೀಟಿ ಮಾಡಿಸಲು. ನೀರು ಬಿದ್ದರೆ ಹೆಸರು ಅಳಿಸಿಹೋಗಿ ನಿಂಬೆ ಕೇಳಿದವರಿಗೆ ಅಂಜೂರ ಹೋಗುತ್ತಿದೆ ಎಂದು ದೂರಿದ್ದ. ಚೀಟಿಯ ಮೇಲೆ ಅಂಟುಪಟ್ಟಿ ಸುತ್ತಬೇಕೆಂದು ಅವಳು ತೋರಿಸಿಕೊಟ್ಟಳು. ಆಮೇಲೆ ಅಷ್ಟು ಸಸಿ ಎಲ್ಲಿದ್ದವೋ, ಚೀಟಿ ಬೇಕೆಂದು ಬರುತ್ತಲೇ ಇದ್ದ. ಬಂದರೆ ಹೆಚ್ಚು ಮಾತಿಲ್ಲ. ಅವಳು ಕಾಗದ ಕತ್ತರಿಸುವಾಗ ಅವನ ಕಣ್ಣು ಅವಳ ಬೆರಳಿನ ಮೇಲೆ ಇರುತ್ತಿತ್ತು. ಅವಳು ತಲೆ ಎತ್ತಿದರೆ ಅದು ಸರಕ್ಕನೆ ಗೋಡೆಯ ಗಡಿಯಾರಕ್ಕೆ ಹಾರುತ್ತಿತ್ತು. ಗಡಿಯಾರ ನಿಂತು ಎಷ್ಟೋ ಕಾಲವಾಗಿತ್ತು. ಅವನು ಅದನ್ನು ಅಷ್ಟು ಶ್ರದ್ಧೆಯಿಂದ ನೋಡುವುದನ್ನು ಕಂಡು ಅವಳಿಗೆ ನಗು ಬರುತ್ತಿತ್ತು. ನಗು ಬಂದಾಗ ಕತ್ತರಿ ಓರೆಯಾಗುತ್ತಿತ್ತು.

ಊರಿಗೆಲ್ಲ ಅಕ್ಕನಾದವಳನ್ನು ಅವನೊಬ್ಬ ಹಾಗೆ ಕರೆಯಲಿಲ್ಲ. "ಇವ್ರೇ" ಎನ್ನುತ್ತಿದ್ದ. ಆ ನಾಲಿಗೆ ಅದೊಂದು ಮಾತಿಗೆ ಹೊರಳದಿರುವುದಕ್ಕೆ ಕಾರಣ ಇರಬೇಕೆಂದು ಅತ್ತೆ ಎಷ್ಟು ಸಲ ಕೆಣಕಿದರೂ ಅವಳು ಪ್ರಿಂಟರಿನ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುತ್ತಿದ್ದಳು, ಪ್ರಿಂಟರು ಆಫ್ ಆಗಿದ್ದಾಗಲೂ.

ಹೋದ ವಾರ ಅತ್ತೆಯೇ ಸುದ್ದಿ ತಂದಿದ್ದಳು. ಕಸಿಯವನ ಅಕ್ಕನ ಗಂಡ ಲಾರಿ ತಂದಿದ್ದಾನೆ. ಬೆಟ್ಟದ ಆಚೆ ಅವನಿಗೆ ದೊಡ್ಡ ತೋಟ, ಕೆಲಸ ಬಲ್ಲ ಕೈ ಬೇಕಂತೆ. ಬಾಮೈದುನನನ್ನು ಕರೆದುಕೊಂಡು ಹೋಗುತ್ತಾನಂತೆ. ಲಾರಿ ಹೊರಡುವುದು ಇಂಥ ದಿನ ಅಂತೆ. ಟೈಪಕ್ಕ ಮಡಚಿಟ್ಟಿದ್ದ ಕಾಗದವನ್ನು ಬಿಡಿಸಿ ಮತ್ತೆ ಮಡಚಿದಳು.

ಆ ಇಂಥ ದಿನ ಎನ್ನುವುದು ನಾಳೆ.

ಕಸಿಯವನು ಜೇಬಿನಿಂದ ಪೆನ್‌ಡ್ರೈವ್ ತೆಗೆದು ಎರಡೂ ಕೈಯಲ್ಲಿ, ಮೊಟ್ಟೆ ಕೊಡುವವನ ಹಾಗೆ ಕೊಟ್ಟ. ದೊಡ್ಡ ಪೇಟೆಯ ಅರ್ಜಿ ಬರೆಯುವವನ ಹತ್ತಿರ ಎಲ್ಲ ಬರೆಸಿ ತಂದಿದ್ದಾನೆ, ಪ್ರಿಂಟ್ ಮಾಡಿಕೊಟ್ಟರೆ ಸಂಜೆ ಕಚೇರಿ ಮುಚ್ಚುವುದರೊಳಗೆ ಮುಟ್ಟಿಸಬೇಕು, ಇವತ್ತೇ ಕೊನೆ ದಿನ. ಇಷ್ಟು ಹೇಳಿ, ಇನ್ನೂ ಏನೋ ಹೇಳುವವನಂತೆ ನಿಂತು, "ನೀವೇ ನೋಡ್ತೀರಲ್ಲ," ಎಂದ. ಕಿವಿ ಕೆಂಪಾಗಿತ್ತು.

ಅವಳಿಗೆ ಇಂಥ ಕಾಗದಗಳ ಪರಿಚಯ ಇತ್ತು. ಬೇರೆ ಊರಿಗೆ ಕೆಲಸಕ್ಕೆ ಹೋಗುವವರೆಲ್ಲ ಹೊರಡುವ ಮುನ್ನ ಹೀಗೆ ಅವಸರದಲ್ಲಿ ಬರುತ್ತಿದ್ದರು. ಗುರುತಿನ ಕಾಗದ, ಕೆಲಸ ಬಲ್ಲವನೆಂಬ ಕಾಗದ, ಮೇಲೆ ಕಚೇರಿಯ ಠಸ್ಸೆ. ಪ್ರಿಂಟ್ ತೆಗೆದುಕೊಂಡು ಹೋದವರು ಮತ್ತೆ ಅಂಗಡಿ ಮೆಟ್ಟಿಲು ಹತ್ತುತ್ತಿರಲಿಲ್ಲ. ಅವಳು ಪೆನ್‌ಡ್ರೈವ್ ಚುಚ್ಚಿ, ಪುಟ ಎಣಿಸಿ, ಪ್ರಿಂಟ್ ಒತ್ತಿದಳು.

ಮೊದಲ ಹಾಳೆಯ ಮೇಲ್ಭಾಗ ಕಪ್ಪಗೆ ಬಂತು, ನಡುವೆ ಬೂದಿಯಾಯಿತು, ಕೆಳಗೆ ಹೊಗೆಯಾಯಿತು. ಎರಡನೆಯ ಹಾಳೆ ಹೋದ ಹಾಗೇ ಬಿಳಿಯಾಗಿ ಬಂತು. ಅವಳು ಅದನ್ನೂ ತಲೆಕೆಳಗು ಮಾಡಿ ಹಿಡಿದಳು, ಅದರಲ್ಲಿ ನೋಡುವುದೇನೂ ಇಲ್ಲದಿದ್ದರೂ.

"ಕಪ್ಪು ಮುಗೀತು," ಎಂದಳು. ಬೆಳಗಿನಿಂದ ಪ್ರಶ್ನೆಪತ್ರಿಕೆಗಳು ಅದನ್ನೆಲ್ಲ ಕುಡಿದುಬಿಟ್ಟಿದ್ದವು.

"ಬೇರೆ ಇದೆಯಾ?"

ಬೀರುವಿನ ಕೆಳಖಾನೆಯಲ್ಲಿ, ಕಾಗದದ ಕಟ್ಟುಗಳ ಹಿಂದೆ, ಕಪ್ಪು ಮಸಿಯ ಹೊಸ ಕಾರ್ಟ್ರಿಜ್ ಡಬ್ಬಿ ಒಡೆಯದೆ ಕೂತಿತ್ತು. ಅದು ಅಲ್ಲಿರುವುದು ಅವಳಿಗೆ ತನ್ನ ಅಂಗೈಯಷ್ಟು ಚೆನ್ನಾಗಿ ಗೊತ್ತಿತ್ತು.

"ಇಲ್ಲ," ಎಂದಳು.

ಮಾತು ಅವಳನ್ನು ಕೇಳದೆಯೇ ಹೊರಗೆ ಹೋಗಿತ್ತು. ವಾಪಸು ಕರೆಯಲು ಬಾಯಿ ತೆರೆದಳು, ಬೆಟ್ಟದ ಆಚೆಯ ತೋಟ ಕಣ್ಣ ಮುಂದೆ ಬಂತು, ಬಾಯಿ ಮುಚ್ಚಿದಳು. ಬಣ್ಣದ ಮಸಿ ಇದೆಯಲ್ಲ, ಅದರಲ್ಲಿ ಆಗುವುದಿಲ್ಲವೇ ಎಂದು ಅವನು ಕೇಳಿದ. ಬಣ್ಣದ್ದು ಕಚೇರಿಯಲ್ಲಿ ನಡೆಯುವುದಿಲ್ಲ ಎಂದಳು. ಒಂದು ಸುಳ್ಳಿಗೆ ಒಂಟಿಯಾಗಿ ಬಾಳಲು ಬರುವುದಿಲ್ಲ, ಜೊತೆಗೊಂದನ್ನು ಕರೆದುಕೊಳ್ಳುತ್ತದೆ. ಪೇಟೆಗೆ ಹೋಗಿಬಂದರೆ ಹೇಗೆ ಎಂದ. ಬಸ್ಸು ಹೋಗಿ ಬರುವಷ್ಟರಲ್ಲಿ ಕಚೇರಿ ಬೀಗ ಹಾಕಿರುತ್ತದೆ ಎಂದಳು. ಇದೊಂದು ನಿಜವಾಗಿತ್ತು. ನಿಜ ಹೇಳಿದ್ದಕ್ಕೆ ಅವಳಿಗೆ ಸ್ವಲ್ಪ ಸಮಾಧಾನವೂ ಆಯಿತು.

ಅವನು ಅತ್ತೆಯ ಪಕ್ಕ ಬೆಂಚಿನ ಮೇಲೆ ಕೂತ. ಮೊಣಕೈ ಮಂಡಿಯ ಮೇಲೆ, ಕಣ್ಣು ನೆಲದ ಮೇಲೆ. ಬೆರಳುಗಳಿಗೆ ಕಸಿ ಕಟ್ಟುವ ಮೇಣ ಮೆತ್ತಿಕೊಂಡಿತ್ತು, ಅದನ್ನು ಉಗುರಿನಿಂದ ಕೆರೆಯುತ್ತಿದ್ದ. ಕೆಲಸ ತಪ್ಪಿತೆಂದರೆ ಇಷ್ಟು ಕುಗ್ಗಬೇಕೇ ಎಂದು ಅವಳಿಗೆ ಒಳಗೊಳಗೇ ಸಿಟ್ಟು ಬಂತು. ಹೋಗುವ ಆಸೆ ಅಷ್ಟಿತ್ತೇ ಇವನಿಗೆ.

ಅತ್ತೆಗೆ ಮೌನ ಅಂದರೆ ಅಜೀರ್ಣ. ಒಂದು ಹಿಡಿ ಬಟಾಣಿ ಅವನ ಕೈಗೆ ಸುರಿದು, "ಎಷ್ಟು ದೂರದ ಊರಪ್ಪ ಅದು, ನಿಮ್ಮ ಭಾವಂದು?" ಎಂದಳು.

ಭಾವನ ಊರಿನ ಮಾತು ಯಾಕೆ ಬಂತು ಎಂದು ಅವನು ತಲೆ ಎತ್ತಿದ. ಕಾಗದ ಭಾವನ ಊರಿಗಲ್ಲ. ಕಾಲುವೆಯ ಕೆಳಗೆ ಕಚೇರಿಗೆ ಸೇರಿದ ಕಲ್ಲುಭೂಮಿ ಬಿದ್ದಿದೆಯಲ್ಲ, ಅದನ್ನು ಹತ್ತು ವರ್ಷದ ಗುತ್ತಿಗೆಗೆ ಕೊಡುತ್ತಾರೆ. ಸಸಿತೋಟ ಮಾಡಬೇಕೆಂದು ತಾನು ಅರ್ಜಿ ಬರೆಸಿದ್ದಾನೆ. ಬೆಳೆ ಬೆಳೆಯುವವರಿಗೆ ಮೊದಲ ಹಕ್ಕು, ಆದರೆ ಇವತ್ತಿನೊಳಗೆ ಅಂಥವರ ಅರ್ಜಿ ಬಾರದಿದ್ದರೆ ಇಟ್ಟಿಗೆ ಗೂಡಿನವನಿಗೆ ಹೋಗುತ್ತದೆ. ಭೂಮಿ ಸಿಕ್ಕಿದ್ದರೆ ಇಲ್ಲೇ ಇರಬಹುದಿತ್ತು. ಈಗ ಇನ್ನೇನಿದೆ, ಬೆಳಗ್ಗೆ ಎದ್ದು ಭಾವನ ಲಾರಿ ಹತ್ತುವುದು. ಇಷ್ಟನ್ನೂ ಅವನು ಅತ್ತೆಗೇ ಹೇಳಿದ, ಮೇಜಿನ ಕಡೆ ತಿರುಗದೆ.

ಮೇಜಿನ ಹಿಂದೆ ಅವಳು ನಿಂತಲ್ಲೇ ನಿಂತಿದ್ದಳು.

ಎರಡು ದಾರಿ ಇದ್ದವು. ಸುಮ್ಮನಿದ್ದರೆ ಸುಳ್ಳು ಬೀರುವಿನಲ್ಲೇ ಕೊಳೆಯುತ್ತದೆ, ಅವನು ಲಾರಿ ಹತ್ತುತ್ತಾನೆ. ಬೀರು ತೆರೆದರೆ ಅವನು ಉಳಿಯುತ್ತಾನೆ, ಆದರೆ ತನ್ನನ್ನು ಸುಳ್ಳಿ ಎಂದು ತಿಳಿದುಕೊಂಡು ಉಳಿಯುತ್ತಾನೆ. ಯೋಚಿಸುತ್ತಿದ್ದೇನೆ ಎಂದುಕೊಳ್ಳುವಷ್ಟರಲ್ಲಿ ಅವಳ ಕಾಲು ಬೀರುವಿನ ಮುಂದಿತ್ತು. ಕಾಗದದ ಕಟ್ಟುಗಳನ್ನು ಎಳೆದು ಪಕ್ಕಕ್ಕೆ ಹಾಕಿದಳು. ಡಬ್ಬಿ ತಂದು ಮೇಜಿನ ಮೇಲೆ, ಅವನಿಗೆ ಕಾಣುವ ಹಾಗೆ ಇಟ್ಟಳು.

ಅವನು ಎದ್ದು ಬಂದ. ಡಬ್ಬಿಯನ್ನು ನೋಡಿದ, ಅವಳನ್ನು ನೋಡಿದ. ಈ ಸಲ ಕಣ್ಣು ಗಡಿಯಾರಕ್ಕೆ ಹೋಗಲಿಲ್ಲ.

"ಇದು ಇತ್ತಾ?"

"ಇತ್ತು."

"ಇದ್ದೂ ಇಲ್ಲ ಅಂದ್ರಿ."

"ಅಂದೆ."

ಅತ್ತೆಯ ಕೈಯಲ್ಲಿ ಬಟಾಣಿ ಕಾಯಿ ಅರ್ಧ ಬಿಚ್ಚಿ ನಿಂತಿತು.

"ಯಾಕೆ?" ಎಂದ. ಸಿಟ್ಟಿನ ದನಿಯಲ್ಲ. ಚಾಕು ಆಳಕ್ಕೆ ಹೋಗಿಬಿಟ್ಟ ಗಿಡವನ್ನು ಸವರುವಾಗ ಅವನು ಹೀಗೇ ಮಾತಾಡುತ್ತಾನೇನೋ ಅನ್ನಿಸಿತು ಅವಳಿಗೆ. ಅದಕ್ಕೇ ಉತ್ತರ ಇನ್ನೂ ಕಷ್ಟವಾಯಿತು.

"ಮೊದಲು ಕೆಲಸ ಆಗಲಿ. ಹೊತ್ತಿಲ್ಲ," ಎಂದಳು. "ಉತ್ತರ ಬಾಕಿ ಇರಲಿ, ಆಮೇಲೆ ಕೊಡ್ತೀನಿ."

ಡಬ್ಬಿ ಒಡೆದು, ಹಳೆಯ ಕಾರ್ಟ್ರಿಜ್ ಕಿತ್ತು, ಹೊಸದನ್ನು ಕೂರಿಸಿದಳು. ಪ್ರಿಂಟರು ಗೊರಗೊರ ಎಂದಿತು, ಕೆಮ್ಮಿತು, ಹಾಳೆ ಎಳೆದುಕೊಂಡಿತು. ಹಾಳೆ ಬಿಳಿಯಾಗಿ ಬಂತು. ಮಸಿ ಉಗುಳುವ ಮೂತಿ ತೊಳೆದುಕೊಳ್ಳಲು ಪ್ರಿಂಟರಿಗೆ ಆಜ್ಞೆ ಕೊಟ್ಟಳು, ಮತ್ತೆ ಬಿಳಿ. ಕಾರ್ಟ್ರಿಜ್ ತೆಗೆದು ಅಲ್ಲಾಡಿಸಿದಳು, ಬೆಚ್ಚನೆ ನೀರಿನ ಬಟ್ಟೆಯಲ್ಲಿ ಒತ್ತಿದಳು, ಮತ್ತೆ ಹಾಕಿದಳು. ಬಿಳಿ. ಪೇಟೆಯಲ್ಲಿ ಮುಚ್ಚಿಹೋಗುತ್ತಿದ್ದ ಅಂಗಡಿಯೊಂದರಿಂದ ಅಗ್ಗಕ್ಕೆ ಸಿಕ್ಕಿತೆಂದು ಯಾವ ಕಾಲದಲ್ಲೋ ತಂದಿಟ್ಟದ್ದು, ಆಪತ್ಕಾಲಕ್ಕೆ ಇರಲಿ ಎಂದು ಮುಟ್ಟದೆ ಇಟ್ಟದ್ದು. ಆಪತ್ತು ಬರುವಷ್ಟರಲ್ಲಿ ಮಸಿ ಒಳಗೇ ಒಣಗಿ ಕಲ್ಲಾಗಿತ್ತು.

"ಇಲ್ಲ ಅಂದಿದ್ದೇ ಸರಿಹೋಯ್ತಲ್ಲೇ," ಎಂದಳು ಅತ್ತೆ. "ನಿನ್ನ ನಾಲಿಗೆ ಮೇಲೆ ಮಚ್ಚೆ ಇದೆಯೇನೋ."

ಅವಳು ಮೇಜಿಗೆ ಎರಡೂ ಕೈ ಊರಿ ಒಂದು ಗಳಿಗೆ ತಲೆ ಬಗ್ಗಿಸಿದಳು. ಅಳು ಬಂದರೆ ಹೊತ್ತು ಹೋಗುತ್ತದೆ. ತಲೆ ಎತ್ತಿ ಕುರ್ಚಿ ಎಳೆದುಕೊಂಡು, "ಬನ್ನಿ ಈ ಕಡೆ. ಬಣ್ಣದಲ್ಲಿ ಹೊಡೆಯೋಣ," ಎಂದಳು.

ಒಂದು ವರ್ಷದಲ್ಲಿ ಅವನು ಮೇಜಿನ ಈ ಬದಿಗೆ ಬಂದದ್ದು ಅದೇ ಮೊದಲು. ಕುರ್ಚಿಯ ಹಿಂದೆ ನಿಂತ. ಒದ್ದೆ ಮಣ್ಣಿನ, ನಿಂಬೆ ಎಲೆಯ ವಾಸನೆ ಅವನ ಜೊತೆಗೇ ಬಂದು ನಿಂತಿತು.

ಕಪ್ಪನ್ನು ಮುಟ್ಟಬೇಡ, ಬಣ್ಣದಲ್ಲೇ ಮುಗಿಸು ಎಂದು ಪ್ರಿಂಟರಿಗೆ ಹೇಳುವ ದಾರಿ ಇತ್ತು. ಆದರೆ ಬಣ್ಣಗಳೂ ಪೂರ್ತಿ ಇರಲಿಲ್ಲ. ಹಣ್ಣಿನ ಪೆಟ್ಟಿಗೆಗೆ ಅಂಟಿಸುವ ಲೇಬಲ್ಲುಗಳು ಗುಲಾಬಿಯನ್ನೆಲ್ಲ ತಿಂದುಹಾಕಿದ್ದವು. ಉಳಿದದ್ದು ನೀಲಿ, ಹಳದಿ. ಅಕ್ಷರಕ್ಕೆ ಹಳದಿ ಕೊಟ್ಟರೆ ಹಾಳೆಯ ಮೇಲೆ ಏನೂ ಇದ್ದಂತೆ ಕಾಣಲಿಲ್ಲ. ನೀಲಿ ಆಕಾಶದಷ್ಟು ತೆಳು. ಎರಡನ್ನೂ ಬೆರೆಸಿದಳು. ಹಾಳೆ ಹಸಿರಾಗಿ ಬಂತು.

"ಇದು ಚಿಗುರು ಬಣ್ಣ," ಎಂದ ಅವನು ಹಿಂದಿನಿಂದ. ಮುನಿಸು ಇನ್ನೂ ದನಿಯಲ್ಲಿತ್ತು, ಆದರೆ ಗಿಡದ ಮಾತು ಬಂದಾಗ ಅವನಿಗೆ ಸುಮ್ಮನಿರಲಾಗಲಿಲ್ಲ. "ಚಿಗುರು ಬೇಗ ಬಾಡುತ್ತೆ. ಬಲಿತ ಎಲೆ ಬಣ್ಣ ಬರಲಿ."

ಅವಳು ನೀಲಿ ಹೆಚ್ಚಿಸಿದಳು. ಅದು ಬಟಾಣಿ ಸಿಪ್ಪೆ ಎಂದ. ಇನ್ನಷ್ಟು ಹೆಚ್ಚಿಸಿದಳು. ಇದು ನೆರಳಿನಲ್ಲಿ ಬೆಳೆದ ಎಲೆ, ಇನ್ನೊಂದು ಸ್ವಲ್ಪ ಎಂದ. ಹಾಳೆಯ ಮೇಲೆ ಬೆರಳಿಟ್ಟು ತೋರಿಸುವಾಗ ಅವನ ಮಣಿಕಟ್ಟು ಅವಳ ಭುಜದ ಪಕ್ಕದಲ್ಲೇ ಹಾದುಹೋಯಿತು. ಮುಟ್ಟಲಿಲ್ಲ. ಮುಟ್ಟದಿರುವುದಕ್ಕೆ ಇಬ್ಬರೂ ಪಟ್ಟ ಪ್ರಯಾಸ ಇಬ್ಬರಿಗೂ ಗೊತ್ತಾಯಿತು. ಕೊನೆಗೆ ನಿಂಬೆ ಗಿಡದ ಹಳೆಯ ಎಲೆಯ ಬಣ್ಣದಲ್ಲಿ ಅರ್ಜಿ ಹೊರಬಂತು, ಪುಟದ ಮೇಲೆ ಪುಟ. ಅವಳು ಒಂದೊಂದನ್ನೂ ತಲೆಕೆಳಗು ಹಿಡಿದು ಬೆಳಕಿಗೆ ನೋಡಿ ಜೋಡಿಸಿದಳು.

ಕಚೇರಿಯಲ್ಲಿ ಏನಾದರೂ ಅಂದರೆ ತಾನೇ ಜವಾಬು ಹೇಳುತ್ತೇನೆಂದು ಅವಳೂ ಹೊರಟಳು. ಹಗಲು ಹೊತ್ತಿನಲ್ಲಿ ಅವಳು ಅಂಗಡಿ ಬಿಟ್ಟು ಇಳಿದದ್ದನ್ನು ಗೋದಾಮಿನ ಹಮಾಲರು ಮೂಟೆ ಇಳಿಸಿ ನೋಡಿದರು. ದಾರಿಯಲ್ಲಿ ಹಸುಗಳಿಗೆ ಆ ಕಾಗದ ತೋರಿಸಬೇಡಿ, ಮೇದುಬಿಟ್ಟಾವು ಎಂದು ಅತ್ತೆ ಹಿಂದಿನಿಂದ ಕೂಗಿದಳು. ಇಬ್ಬರೂ ನಗಲಿಲ್ಲ. ಅವನು ಮುಂದೆ, ಅವಳು ಎರಡು ಹೆಜ್ಜೆ ಹಿಂದೆ. ಕಾಲುವೆ ರಸ್ತೆಯುದ್ದಕ್ಕೂ ಅವನು ತಿರುಗಿ ನೋಡಲಿಲ್ಲ. ಅವಳು ಅವನ ಅಂಗಿಯ ಬೆನ್ನನ್ನು ನೋಡುತ್ತಾ ನಡೆದಳು. ಭುಜದ ಹತ್ತಿರ ಹೊಲಿಗೆ ಬಿಟ್ಟಿತ್ತು.

ಕಚೇರಿಯಲ್ಲಿ ಗುಮಾಸ್ತರು ಆಗಲೇ ಮಫ್ಲರು ಸುತ್ತಿಕೊಂಡು ಕಿಟಕಿಗಳನ್ನು ಮುಚ್ಚುತ್ತಿದ್ದರು. ಒಳ್ಳೆಯ ಮನುಷ್ಯರೇ, ಆದರೆ ನಿಯಮದ ಮನುಷ್ಯರು. ಅರ್ಜಿ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಸಿರು ಮಸಿ ಈ ಕಚೇರಿಯಲ್ಲಿ ಸಾಹೇಬರೊಬ್ಬರದೇ, ಬೇರೆ ಯಾರೂ ಹಸಿರಲ್ಲಿ ಬರೆಯುವಂತಿಲ್ಲ ಎಂದರು. ಬರೆದಿಲ್ಲ, ಪ್ರಿಂಟ್ ಮಾಡಿದ್ದು ಎಂದು ಅವಳು ಹೇಳಿದಳು, ಕಪ್ಪು ಮುಗಿದದ್ದನ್ನೂ ಹೇಳಿದಳು. ತಪ್ಪು ನನ್ನದು, ಇವರದಲ್ಲ ಎಂದೂ ಸೇರಿಸಿದಳು. ಅದಕ್ಕೇನೂ ಅಡ್ಡಿಯಿಲ್ಲ, ಆದರೆ ಫೈಲು ತೆರೆದವರು ಹಸಿರು ನೋಡಿ ಇದು ಸಾಹೇಬರ ಆದೇಶವೋ ಅರ್ಜಿಯೋ ಎಂದು ಕೇಳಿದರೆ ತಾವೇನು ಹೇಳಬೇಕು ಎಂದು ಗುಮಾಸ್ತರು ನಿಜವಾಗಿಯೂ ಸಂಕಟಪಟ್ಟರು. ಹಾಳೆ ತಿರುವಿದರು, ಮೂಗಿನ ಹತ್ತಿರ ಹಿಡಿದರು, ಬಾಗಿಲ ಕಡೆ ನೋಡಿದರು.

ಕಡೆಗೆ ಅವರೇ ಎದ್ದು, ಮೂಲೆಯಲ್ಲಿದ್ದ ಜೆರಾಕ್ಸ್ ಮಷೀನಿನ ಹೊದಿಕೆ ತೆಗೆದರು. ಅದು ಬಿಸಿಯಾಗುವವರೆಗೆ ಮೂವರೂ ಅದನ್ನೇ ನೋಡುತ್ತಾ ನಿಂತರು. ಹಸಿರು ಹಾಳೆ ಒಳಗೆ ಹೋಯಿತು, ಕಪ್ಪು ಹಾಳೆ ಹೊರಗೆ ಬಂತು.

"ನೋಡಿ, ಇದಕ್ಕೆ ಬಣ್ಣದ ಭೇದ ಇಲ್ಲ," ಎಂದರು ಗುಮಾಸ್ತರು, ಮಷೀನನ್ನು ತಾವೇ ಹೆತ್ತವರ ಹಾಗೆ. ಕಪ್ಪು ಪ್ರತಿಯ ಮೇಲೆ ಅವನ ಸಹಿ ಹಾಕಿಸಿ, ಫೈಲಿಗೆ ಸೇರಿಸಿದರು. ಹಸಿರಿನ ಮೇಲೆ ಸ್ವೀಕರಿಸಲಾಗಿದೆ ಎಂದು ಠಸ್ಸೆ ಒತ್ತಿ, ಇದು ನಿಮ್ಮ ನಕಲು, ಜೋಪಾನ ಎಂದು ಅವನ ಕೈಗೆ ಕೊಟ್ಟರು. ಅಸಲು ನಕಲಾಯಿತು, ನಕಲು ಅಸಲಾಯಿತು, ಗುಮಾಸ್ತರ ಮನಸ್ಸು ನಿರಾಳವಾಯಿತು. ಬೇರೆ ಜಾಗ ನೋಡಿಕೊಳ್ಳಲಿ ಅಂತ ಇಟ್ಟಿಗೆಯವರಿಗೆ ನಾಳೆ ಹೇಳಿ ಕಳಿಸುತ್ತೇನೆ ಎಂದು ಬೀಗದ ಕೈ ಹುಡುಕತೊಡಗಿದರು.

ಹೊರಗೆ ಬಂದಾಗ ಬಿಸಿಲು ಕಾಲುವೆಯ ನೀರಿಗೆ ಇಳಿದಿತ್ತು. ಇಬ್ಬರೂ ಏರಿಯ ಮೇಲೆ ನಡೆದರು. ಈಗ ಅವನು ಮುಂದೆ ಹೋಗಲಿಲ್ಲ. ಒಂದಷ್ಟು ದೂರ ಹೋದ ಮೇಲೆ ನಿಂತ.

"ಇವ್ರೇ. ಆ ಬಾಕಿ."

ಅವಳು ನೀರು ನೋಡಿದಳು.

"ನಾನೇ ಹೇಳ್ತೀನಿ, ಹೌದೋ ಅಲ್ಲವೋ ಅನ್ನಿ," ಎಂದ. "ನೀವು ಅರ್ಜಿ ಓದಿದ್ರಿ. ನಾನು ಇಲ್ಲೇ ಉಳಿಯೋಕೆ ನೋಡ್ತಿದ್ದೀನಿ ಅಂತ ಗೊತ್ತಾಯ್ತು. ಇವನು ಉಳಿಯೋದು ಬೇಡ ಅನ್ನಿಸ್ತು. ಮಸಿ ಇಲ್ಲ ಅಂದ್ರಿ. ಆಮೇಲೆ ಪಾಪ ಅನ್ನಿಸಿ ತೆಗೆದುಕೊಟ್ರಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಇಷ್ಟು ಹೊತ್ತು ಆ ಬೆನ್ನು ಹೊತ್ತು ನಡೆದದ್ದು ಇದನ್ನು.

"ನಾನು ಓದಿಲ್ಲ," ಎಂದಳು. "ಯಾರ ಕಾಗದವನ್ನೂ ನಾನು ಓದಲ್ಲ. ಅದಕ್ಕೇ ಹಾಳೆ ತಲೆಕೆಳಗು ಹಿಡಿಯೋದು. ಅಪ್ಪ ಕಲಿಸಿದ್ದು."

ಅವನು ಅವಳನ್ನೇ ದಿಟ್ಟಿಸಿದ. ಒಂದು ವರ್ಷದಿಂದ ಆ ಭಂಗಿಯನ್ನು ಅವನು ನೋಡುತ್ತಾ ಬಂದಿದ್ದ. "ನಾನು ಮಸಿ ಒಣಗಲಿ ಅಂತ ಹಾಗೆ ಹಿಡೀತೀರ ಅಂದ್ಕೊಂಡಿದ್ದೆ," ಎಂದ. ಆಮೇಲೆ ಮೆಲ್ಲಗೆ, ಬಾಯಲ್ಲಿ ಹೇಳಲು ಧೈರ್ಯ ಸಾಲದೆ, ಪ್ರಿಂಟ್ ಮಾಡುವಾಗ ನೀವೇ ಓದಿ ತಿಳಿದುಕೊಳ್ಳುತ್ತೀರಿ, ಒಂದು ಮಾತಾದರೂ ಅನ್ನುತ್ತೀರಿ ಎಂದು ಆಸೆಪಟ್ಟು ತಂದಿದ್ದೆ ಎಂದು ಒಪ್ಪಿಕೊಂಡ. ಹಾಳೆ ಬಿಳಿಯಾಗಿ ಬಂದಾಗ ಹೋಗಲಿ ಬಿಡು ಅನ್ನಿಸಿತ್ತಂತೆ. ಬೀರುವಿನಿಂದ ಡಬ್ಬಿ ಬಂದಾಗ ಮಾತ್ರ ತಡೆಯಲಾಗಲಿಲ್ಲವಂತೆ.

"ಹಾಗಾದ್ರೆ ಯಾಕೆ ಇಲ್ಲ ಅಂದ್ರಿ?"

ಕಾಲುವೆಯಲ್ಲಿ ಒಂದು ಒಣಗಿದ ಕೊಂಬೆ ತೇಲಿ ಬಂತು. ಅದು ದಾಟಿಹೋಗುವವರೆಗೂ ಅವಳು ಅದನ್ನೇ ನೋಡಿದಳು. ಅದು ದಾಟಿದ ಮೇಲೆ ಕಾಯಲು ಬೇರೇನೂ ಉಳಿದಿರಲಿಲ್ಲ.

"ಬೆಟ್ಟದಾಚೆ ಹೋಗೋ ಕಾಗದ ಅಂದ್ಕೊಂಡೆ," ಎಂದಳು. "ನೀವು ಹೋಗಬಾರದು ಅನ್ನಿಸ್ತು. ಹೋಗಬೇಡಿ ಅನ್ನೋಕೆ ನಾನ್ಯಾರು. ಅದಕ್ಕೆ ಮಸಿ ಇಲ್ಲ ಅಂದೆ."

ಅವಳಿಗೆ ತಲೆ ಎತ್ತುವ ಧೈರ್ಯವಿರಲಿಲ್ಲ, ಅವನ ಕಾಲನ್ನು ನೋಡುತ್ತಿದ್ದಳು. ಆ ಕಾಲುಗಳು ಒಂದು ಹೆಜ್ಜೆ ಹತ್ತಿರ ಬಂದವು. ಆಮೇಲೆ ಅವನು ನಗುವುದು ಕೇಳಿಸಿತು, ನಿಧಾನವಾಗಿ, ತುಂಬಿದ ಮಡಕೆಯಿಂದ ನೀರು ತುಳುಕುವ ಹಾಗೆ. ಅವಳು ತಲೆ ಎತ್ತಿದಳು. ಅವನ ಕಣ್ಣಲ್ಲಿ ಬರೀ ನಗು ಇರಲಿಲ್ಲ.

"ಅರ್ಜಿಯಲ್ಲಿ ಒಂದು ಕಡೆ ಕಾರಣ ಕೇಳಿದ್ರು," ಎಂದ. "ಈ ಭೂಮಿಯೇ ಯಾಕೆ ಬೇಕು ಅಂತ. ಸಸಿ ಬೆಳೆಸೋಕೆ ಅಂತ ಬರೆಸಿದೆ. ಅದು ಅರ್ಧ."

"ಇನ್ನರ್ಧ?"

"ಅದು ನನ್ನ ಕಡೆಯ ಬಾಕಿ."

"ಯಾವಾಗ ಕೊಡ್ತೀರಿ?"

ಅವನು ಕಾಲುವೆಯ ಕೆಳಗೆ ಕೈ ತೋರಿದ. ಏರಿಯ ಬುಡದಿಂದ ಆಚೆಯ ಮುಳ್ಳುಬೇಲಿಯವರೆಗೂ ಭೂಮಿ ಹರಡಿಕೊಂಡು ಬಿದ್ದಿತ್ತು. ಮಣ್ಣಿಗಿಂತ ಕಲ್ಲೇ ಹೆಚ್ಚು. ಮುಷ್ಟಿಯಷ್ಟವು, ತಲೆಯಷ್ಟವು, ಕುರಿ ಮಲಗಿದ ಹಾಗಿನವು. ಸಂಜೆಯ ಬೆಳಕಿನಲ್ಲಿ ಒಂದೊಂದಕ್ಕೂ ಒಂದೊಂದು ನೆರಳಿತ್ತು.

"ಕಲ್ಲು ಆರಿಸಿ ಮುಗಿದ ದಿನ," ಎಂದ.

"ಇಷ್ಟು ಕಲ್ಲು ಆರಿಸೋ ಹೊತ್ತಿಗೆ ನಮ್ಮ ತಲೆಗೂದಲು ಹಣ್ಣಾಗಿರುತ್ತೆ."

ಹೇಳಿದ ಮೇಲೆ ನಮ್ಮ ಎಂದದ್ದು ಅವಳಿಗೇ ಕೇಳಿಸಿತು. ಅವನಿಗೂ ಕೇಳಿಸಿತ್ತು. ಅವನು ಅದನ್ನು ಎತ್ತಿ ಆಡಲಿಲ್ಲ, ಬರೀ ಇಳಿಜಾರಿನಲ್ಲಿ ಎರಡು ಹೆಜ್ಜೆ ಇಳಿದು ನಿಂತು ಕೈ ಚಾಚಿದ. ಮೇಣ ಮೆತ್ತಿದ ಅಂಗೈ ಒರಟಾಗಿ, ಬೆಚ್ಚಗೆ ಇತ್ತು. ಕೆಳಗೆ ಇಳಿದ ಮೇಲೂ ಕೈ ಬಿಡಬೇಕೆಂಬುದು ಇಬ್ಬರಿಗೂ ಸ್ವಲ್ಪ ಹೊತ್ತು ಹೊಳೆಯಲಿಲ್ಲ.

ಭಾವನಿಗೆ ಹೇಳಬೇಕು, ಕಾಯುತ್ತಿರುತ್ತಾನೆ ಎಂದ. ಹೇಳಿ ಎಂದಳು. ಅತ್ತೆ ಒಬ್ಬಳೇ ಇದ್ದಾಳೆ, ನಾನೂ ಹೋಗಬೇಕು ಎಂದಳು. ಹೋಗೋಣ ಎಂದ. ಯಾರೂ ಹೋಗಲಿಲ್ಲ.

ಅವಳು ಕೈ ಬಿಡಿಸಿಕೊಂಡು, ಶಾಲನ್ನು ಸೊಂಟಕ್ಕೆ ಬಿಗಿದಳು. ಬಗ್ಗಿ, ಕಾಲ ಬಳಿಯ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ, ಏರಿಯ ಬುಡದಲ್ಲಿ ಇಟ್ಟು ಬಂದಳು. ಇನ್ನೊಂದಕ್ಕೆ ಬಗ್ಗಿದಳು.